ಕಂಬಳಿ ಕೋಣೆಯ ಚಿಗಟಗಳು

ಚಿಗಟವನ್ನು ಕಣ್ಣಿನಿಂದ ಹುಡುಕುವವರು ದಡ್ಡರು. ಕಾಲಿನಿಂದ ಹುಡುಕಬೇಕು. ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಎಳೆದುಕೊಂಡು, ಅನುಮಾನವಿರುವ ಜಾಗದಲ್ಲಿ ಮದುಮಗನ ಹಾಗೆ ನಿಧಾನವಾಗಿ ಹೆಜ್ಜೆ ಹಾಕಬೇಕು. ಹಸಿದ ಚಿಗಟ ತಾನೇ ಹಾರಿ ಬಂದು ಬಿಳಿಯ ಮೇಲೆ ಸಾಸಿವೆ ಕಾಳಿನಂತೆ ಕೂರುತ್ತದೆ. ನರೆತ ಮೀಸೆಯ ಮುದುಕನೊಬ್ಬ ಸ್ಕೂಲ್ ಮಕ್ಕಳ ಕಾಲುಚೀಲ ಹಾಕಿಕೊಂಡು ಮನೆಯೊಳಗೆ ಮೆರವಣಿಗೆ ಹೊರಡುವುದನ್ನು ನೋಡಿ ನಕ್ಕವರು ಬಹಳ. ನಗಲಿ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ತಿಗಣೆ, ಜಿರಳೆ, ಗೆದ್ದಲು, ಚಿಗಟ ಯಾವುದಕ್ಕೂ ನಾನು ಸೋತು ಬಂದವನಲ್ಲ. ಸೋಲುವ ಅಂಚಿಗೆ ಹೋದದ್ದು ಒಂದೇ ಮನೆಯಲ್ಲಿ, ಕಮ್ಮನಹಳ್ಳಿಯಲ್ಲಿ. ಅಲ್ಲಿಯೂ ನನ್ನನ್ನು ಸೋಲಿಸಲು ಹೊರಟದ್ದು ಚಿಗಟವಲ್ಲ, ಮನೆಯ ಯಜಮಾನರು.

ಒಂದು ಬೆಳಿಗ್ಗೆ ಫೋನ್ ಬಂತು. ಹೆಂಗಸಿನ ದನಿ, ಕಲಬುರಗಿ ಕಡೆಯ ಮಾತು.

"ಕಾಕಾ, ಹುಳಾ ಹೊಡಿಯವ್ರು ನೀವೇನ್ರಿ?"

"ಹೌದಮ್ಮ. ಮನುಷ್ಯರನ್ನ ಬಿಟ್ಟು ಎಲ್ಲಾ ಹೊಡೀತೀನಿ. ಮನುಷ್ಯರು ಕೇಳಿದ್ರೆ ಅವರಿಗೂ ನೋಡೋಣ."

ಅವಳು ನಗಲಿಲ್ಲ. ನನ್ನ ಮಾತಿಗೆ ನಗದಷ್ಟು ಕಷ್ಟದಲ್ಲಿರುವವರ ಮನೆಗೆ ನಾನು ತಡಮಾಡದೆ ಹೋಗುತ್ತೇನೆ.

ಮೇನ್ ರೋಡಿನ ಹಿಂದಿನ ಬೀದಿಯಲ್ಲಿ ಎರಡಂತಸ್ತಿನ ಮನೆ. ಮೇಲೆ ಯಜಮಾನರೂ ಅವರ ತಾಯಿಯೂ ಇರುತ್ತಾರೆ. ಕೆಳಗಿನ ಎರಡು ಕೋಣೆ ಬಾಡಿಗೆಗೆ. ಫೋನ್ ಮಾಡಿದವಳು ಅಲ್ಲಿ ಕೂತು ಬ್ಲೌಸ್ ಹೊಲಿಯುತ್ತಾಳೆ, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮಿಷನ್ನಿನ ಸುತ್ತ ಎರಡು ನಾಯಿ, ಮೂರು ಬೆಕ್ಕು, ಒಂದು ಮೊಲ. ಯಾವುದನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ಹಿಂದಿನ ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಕುರುಡು ನಾಯಿ ಮೊದಲನೆಯದು. ಅದಕ್ಕೆ ಅವಳು ಇಟ್ಟ ಹೆಸರು ಮುದುಕ. ಉಳಿದವು ಹೇಗೋ ವಿಳಾಸ ತಿಳಿದುಕೊಂಡು ಒಂದೊಂದಾಗಿ ಬಂದು ಸೇರಿದವು.

"ಮುದುಕಾ, ಬಾ ಇಲ್ಲಿ" ಎಂದು ಅವಳು ಕರೆದಾಗ ನಾನೂ ನಾಯಿಯೂ ಒಟ್ಟಿಗೆ ತಿರುಗಿದೆವು. ಆಗ ನಕ್ಕಳು. ನಕ್ಕು, ಕೂಡಲೇ ಕಣ್ಣು ಒರೆಸಿಕೊಂಡಳು.

ವಿಷಯ ಇಷ್ಟು. ಚಿಗಟ ಮೇಲಿನ ಮನೆಗೂ ಹೋಗಿ ಯಜಮಾನರ ತಾಯಿಯ ಪಾದ ಕಚ್ಚಿ ಕೆಂಪು ಮಾಡಿತ್ತು. ಬರುವ ಹುಣ್ಣಿಮೆಗೆ ಮೇಲೆ ಮನೆದೇವರ ಪೂಜೆ, ನೆಂಟರೆಲ್ಲ ಬರುವವರು. ಅಷ್ಟರೊಳಗೆ ಚಿಗಟ ಹೋಗಬೇಕು. ಹೋಗದಿದ್ದರೆ ಪ್ರಾಣಿಗಳನ್ನು ಒಯ್ಯಲು ವ್ಯಾನ್ ಬರುತ್ತದೆ. ಅದಕ್ಕೂ ಒಪ್ಪದಿದ್ದರೆ ಅವಳೇ ಮನೆ ಖಾಲಿ ಮಾಡಬೇಕು.

"ಬೆಕ್ಕುಗೋಳು ಎಲ್ಲೆರೆ ಬದುಕ್ತಾವ ಕಾಕಾ. ಈ ಕಣ್ಣಿಲ್ಲದ ಜೀವ ಎಲ್ಲಿಗಿ ಹೋಗ್ಬೇಕ್ರಿ? ಈ ಮನ್ಯಾಗಿನ ಮೂಲಿಮೂಲಿ ಅದಕ್ಕ ಗೊತ್ತದ. ಹೊರಗ ಹೋದ್ರ ಗೋಡಿಗೆ ಹಾಯ್ದೇ ಸಾಯ್ತದ."

ಅಷ್ಟರಲ್ಲಿ ಯಜಮಾನರು ಮೆಟ್ಟಿಲಿಳಿದು ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬೆಳ್ಳನೆ ಪಂಚೆ. ನನ್ನನ್ನು ನೋಡಿದವರೇ ನಿಂತುಬಿಟ್ಟರು.

"ಏನಯ್ಯಾ, ನೀನಾ? ಇವ್ಳಿಗೆ ಬೇರೆ ಯಾರೂ ಸಿಗ್ಲಿಲ್ವಾ?"

ಹಿಂದೊಮ್ಮೆ ಅವರ ಮನೆಯ ಗೆದ್ದಲು ಹೊಡೆದವನು ನಾನೇ. ಕೆಲಸ ಮುಗಿಸಿ ಹೊರಡುವಾಗ ಅವರ ಸಕ್ಕರೆ ಡಬ್ಬಿಯಲ್ಲಿ ಒಂದು ರಬ್ಬರ್ ಹಲ್ಲಿ ಇಟ್ಟು ಬಂದಿದ್ದೆ. ಅವರ ಕೂಗು ಬೀದಿಯ ಕೊನೆಯವರೆಗೆ ಕೇಳಿತಂತೆ. ತಾಯಿ ಬಿದ್ದು ಬಿದ್ದು ನಕ್ಕರಂತೆ. ಅದನ್ನು ಅವರು ಮರೆತಿರಲಿಲ್ಲ.

"ನಾನೇ ಯಜಮಾನ್ರೇ. ಸಕ್ಕರೆ ಚೆನ್ನಾಗಿದೆಯಾ?"

"ಹುಣ್ಣಿಮೆ ತನಕ ಟೈಮು. ಆಮೇಲೆ ನಾನು ಯಾರ ಮಾತೂ ಕೇಳಲ್ಲ" ಎಂದು ಅವರು ಹತ್ತಿ ಹೋದರು.

ಕೆಲಸ ಶುರು ಮಾಡಿದೆ. ಮುದುಕನ ಬೆನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿದೆ. ಪುಡಿಯ ಸುತ್ತ ಕಂದುಗೆಂಪು ಹರಡಿತು. ಬರೀ ಧೂಳಾದರೆ ಕೆಂಪಾಗುವುದಿಲ್ಲ. ಅದು ರಕ್ತ ಕುಡಿದ ಚಿಗಟದ ಹಿಕ್ಕೆ. ಔಷಧಿ ಎಲ್ಲಾ ಪ್ರಾಣಿಗಳಿಗೂ ಒಂದೇ ದಿನ ಬೀಳಬೇಕು, ಒಂದನ್ನು ಬಿಟ್ಟರೂ ಚಿಗಟಕ್ಕೆ ಊಟದ ಮನೆ ತೆರೆದಿಟ್ಟಂತೆ. ಹಾಗೆಂದು ಎಲ್ಲಕ್ಕೂ ಒಂದೇ ಸೀಸೆಯಿಂದ ಹಾಕುವ ಹಾಗಿಲ್ಲ. ನಾಯಿಗೆ ಹಾಕುವ ಕೆಲವು ಹನಿ ಬೆಕ್ಕಿಗೆ ವಿಷ, ಬೆಕ್ಕಿಗೆ ಹಾಕುವ ಕೆಲವು ಹನಿ ಮೊಲಕ್ಕೆ ವಿಷ. ಹಾಗಾಗಿ ಇಡೀ ದಂಡನ್ನು ಆಟೋದಲ್ಲಿ ತುಂಬಿಕೊಂಡು ಪಶುವೈದ್ಯರ ಹತ್ತಿರ ಹೋದೆವು. ಆಟೋದವನು ಮೊಲವನ್ನು ನೋಡಿ, "ಏನ್ ಗುರು, ಸರ್ಕಸ್ಸಾ?" ಎಂದ. "ಹೌದು, ಡ್ರೈವರ್ ಪಾತ್ರ ಖಾಲಿ ಇದೆ, ಬರ್ತೀಯಾ?" ಎಂದೆ. ತೂಕ ನೋಡಿ, ನಾಲಿಗೆ ಮುಟ್ಟದ ಕಡೆ, ಕುತ್ತಿಗೆಯ ಹಿಂದೆ ಹನಿ ಹಾಕಿಸಿ ತಂದೆವು.

ಮೈಮೇಲಿನ ಚಿಗಟ ಕಣ್ಣಿಗೆ ಕಾಣುವ ನೆಂಟ ಮಾತ್ರ. ಅದರ ಸಂಸಾರವೆಲ್ಲ ನೆಲದಲ್ಲಿರುತ್ತದೆ. ಮೊಟ್ಟೆ ಪ್ರಾಣಿಯ ಮೈಯಿಂದ ಉಪ್ಪಿನ ಹರಳಿನಂತೆ ಉದುರುತ್ತದೆ. ಮರಿಹುಳ ಬೆಳಕಿಗೆ ಹೆದರಿ ಸಂದಿಗೊಂದಿ ಸೇರುತ್ತದೆ. ಹೊಲಿಗೆಯವಳ ಮನೆಯಲ್ಲಿ ಆ ಸಂದಿ ಯಾವುದೆಂದು ಹುಡುಕುವ ಕಷ್ಟವೇ ಇರಲಿಲ್ಲ. ಮಿಷನ್ನಿನ ಪಕ್ಕ ಚೂರು ಬಟ್ಟೆಯ ಮೂಟೆ, ಅದರ ಮೇಲೆ ಮೂರು ಬೆಕ್ಕುಗಳ ದರ್ಬಾರು. ಮೂಟೆ ಕಟ್ಟಿ ಹೊರಹಾಕಿದೆವು. ಹಾಸಿಗೆ ಹೊದಿಕೆ ಕುದಿಯುವ ನೀರಿಗೆ ಹೋಯಿತು. ಮಂಚ ಎತ್ತಿ, ಗೋಡೆಯ ಬುಡಕ್ಕೆಲ್ಲ ವ್ಯಾಕ್ಯೂಮ್ ಎಳೆದೆ. ಪ್ರಾಣಿಗಳನ್ನು ಹಿತ್ತಿಲಿಗೆ ಕಳಿಸಿ ಎರಡು ಔಷಧಿ ಬೆರೆಸಿ ಹೊಡೆದೆ. ಒಂದು ದೊಡ್ಡ ಚಿಗಟವನ್ನು ಕೊಲ್ಲುವುದಕ್ಕೆ, ಇನ್ನೊಂದು ಮರಿಹುಳ ದೊಡ್ಡದಾಗದಂತೆ ತಡೆಯುವುದಕ್ಕೆ. ಎರಡನೆಯದು ನೆಲದ ಮೇಲೆ ವಾರಗಟ್ಟಲೆ ಉಳಿದು ಕೆಲಸ ಮಾಡಬೇಕು.

"ಒಣಗೋತನಕ ಯಾರೂ ಒಳಗೆ ಬರ್ಬೇಡಿ. ಆಮೇಲೆ ನೆಲಕ್ಕೆ ಸೋಪು, ಫಿನಾಯಿಲ್ಲು ಏನೂ ಹಾಕ್ಬೇಡಮ್ಮ."

"ಆಯ್ತ್ರಿ ಕಾಕಾ."

ಮುಂದಿನ ವಾರ ಕಾಲುಚೀಲ ಏರಿಸಿಕೊಂಡು ಹೋದೆ. ದೇವರ ಗೂಡಿನ ಮುಂದೆ ನಿಂತ ಕೂಡಲೇ ಕಾಲು ಎಳ್ಳುಂಡೆಯಾಯಿತು! ಇಷ್ಟು ವರ್ಷದ ಅನುಭವದಲ್ಲಿ ಇಂಥದ್ದು ನೋಡಿರಲಿಲ್ಲ. ನೆಲ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ನೋಡಿ ಅನುಮಾನ ಬಂತು.

"ನೆಲ ತೊಳೆದ್ಯೇನಮ್ಮಾ?"

"ನಿನ್ನಿ ಸ್ವಾಮಾರ ಅಲ್ಲೇನ್ರಿ? ತೊಳೀಲಾರ್ದ ಪೂಜಿ ಹ್ಯಾಂಗ ಮಾಡ್ಲಿ? ನೀವು ಹೇಳಿದಂಗ ಸೋಪು ಹಾಕಿಲ್ರಿ. ಅರಿಶಿಣ ನೀರಾಗ ತೊಳದೀನಿ. ದೇವರ ನೀರಿಗಿ ಔಷಧ ಹೋಗಂಗಿಲ್ಲಂತ ತಿಳದೆ."

ಸೋಮವಾರ, ಅರಿಶಿನ, ಬಕೆಟ್ಟುಗಟ್ಟಲೆ ನೀರು. ನನ್ನ ಔಷಧಿ ಭಕ್ತಿಪೂರ್ವಕವಾಗಿ ಮೋರಿ ಸೇರಿತ್ತು. ಬೈಯಲು ಬಾಯಿ ತೆರೆದೆ, ಮುದುಕ ಬಂದು ಕಾಲು ಮೂಸಿದ, ಬಾಯಿ ಮುಚ್ಚಿದೆ.

ಮತ್ತೆ ಮೊದಲಿನಿಂದ ಎಲ್ಲವೂ. ಈ ಸಲ ದೇವರ ಜೊತೆ ನಾನೇ ಒಪ್ಪಂದ ಮಾಡಿಕೊಂಡೆ. ದೇವರ ಫೋಟೋ, ದೀಪ ಎಲ್ಲವನ್ನೂ ಹೊಲಿಗೆ ಮಿಷನ್ನಿನ ಮೇಜಿಗೆ ಏರಿಸಿ, "ಸೋಮವಾರ ಮೇಜು ತೊಳಿ. ನೆಲ ನಂದು, ಮೇಜು ದೇವರದ್ದು" ಎಂದೆ. ಅವಳು ಕೈ ಮುಗಿದು ಒಪ್ಪಿದಳು. ಕೈ ಮುಗಿದದ್ದು ದೇವರಿಗೆ, ನನಗಲ್ಲ.

ಆಮೇಲಿನ ದಿನಗಳಲ್ಲಿ ಚಿಗಟ ಇಳಿಯಿತು. ಒಂದೊಂದು ಕಾಣಿಸಿದರೆ ನಾನು ಹೆದರುವವನಲ್ಲ. ಚಿಗಟ ರೆಕ್ಕೆಯಿಲ್ಲದ ಕಳ್ಳ. ದೊಡ್ಡದಾಗುವ ಮುಂಚೆ ಧೂಳು ಮೆತ್ತಿದ ಗೂಡು ಹೆಣೆದುಕೊಂಡು ಒಳಗೆ ಮಲಗುತ್ತದೆ. ಆ ಗೂಡಿನೊಳಗೆ ಯಾವ ಔಷಧಿಯೂ ಇಳಿಯುವುದಿಲ್ಲ. ಹೊರಗೆ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದರೆ "ಊಟ ಬಂತು" ಎಂದು ಗೂಡು ಹರಿದು ಹಾರುತ್ತದೆ. ಹಾರಿ ಔಷಧಿಯ ನೆಲಕ್ಕೆ ಬಿದ್ದು ಸಾಯುತ್ತದೆ. ಹಾಗೆ ಏಳುವವು ಎದ್ದು ಮುಗಿಯಬೇಕು, ಅಷ್ಟೇ.

ಆದರೆ ಇಲ್ಲಿ ಮುಗಿಯಲಿಲ್ಲ. ಹುಣ್ಣಿಮೆ ಹತ್ತಿರವಾಯಿತು. ಮೇಲಿನ ಅಮ್ಮನ ಕಾಲು ಕೆಂಪಾಗಿಯೇ ಇತ್ತು. ಕೆಳಗೆ ನಾಯಿಗಳು ಬಾಗಿಲ ಬಳಿ ಮಲಗಿದರೆ ಕೆರೆದುಕೊಂಡು ಏಳುತ್ತಿದ್ದವು. ಯಜಮಾನರು ಬಂದು, "ಆಗ್ಲಿಲ್ಲ ಅಲ್ವೇನಯ್ಯಾ? ವ್ಯಾನಿಗೆ ಹೇಳಾಯ್ತು. ಪೂಜೆಗೆ ಮುಂಚೆ ಬರುತ್ತೆ" ಎಂದರು. ಹೊಲಿಗೆಯವಳ ಮಿಷನ್ ನಿಂತಿತು.

ನಾನು ಹೊಸ ಕಾಲುಚೀಲ ತೆಗೆದೆ. ಒಳಕೋಣೆ ಪೂರ್ತಿ ನಡೆದೆ: ಹಾಲಿನ ಹಾಗೆ ಬಿಳುಪು. ಮಿಷನ್ ಸುತ್ತ, ಮಂಚದ ಕೆಳಗೆ, ಅಡುಗೆ ಕಟ್ಟೆಯ ಬುಡ: ಬಿಳುಪು. ಹೊಸ್ತಿಲು ದಾಟಿ ಹೊರಗೆ ಮೆಟ್ಟಿಲಿನ ಬುಡಕ್ಕೆ ಬಂದೆ. ಪಟಪಟನೆ ಹಾರಿ ಕೂತವು. ಅಲ್ಲಿ ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ, ಮರದ ಬಾಗಿಲಿಗೆ ಹಿತ್ತಾಳೆ ಬೀಗ. ಬಾಗಿಲ ಕೆಳಗಿನ ಸಂದಿಗೆ ಕಾಲಿಟ್ಟೆ. ಕಾಲುಚೀಲದ ಬಿಳುಪೇ ಹೋಯಿತು.

ಪಂಪು, ಪೈಪು ಎಲ್ಲ ಚೀಲಕ್ಕೆ ತುಂಬಿದೆ.

"ನೀವೂ ಕೈ ಬಿಟ್ರೇನ್ರಿ ಕಾಕಾ?" ಹೊಲಿಗೆಯವಳ ಮುಖ ಬಿಳುಚಿಕೊಂಡಿತ್ತು.

"ನಿನ್ನ ಮನೆಗೆ ಇನ್ನು ಒಂದು ಹನಿ ಹೊಡೆಯಲ್ಲಮ್ಮ. ನಿನ್ನ ಮನೇಲಿ ಚಿಗಟಾನೇ ಇಲ್ಲ." ಮೆಟ್ಟಿಲ ಕಡೆ ತಿರುಗಿ ದನಿ ಎತ್ತಿದೆ. "ಯಜಮಾನ್ರೇ! ಕೆಳಗೆ ಬನ್ನಿ! ಬೀಗದ ಕೈ ತನ್ನಿ!"

ಅವರು ಕೈ ಬೀಸಿಕೊಂಡು ಬಂದರು. ಬೀಗದ ಕೈ ತರಲಿಲ್ಲ.

"ಆ ಕೋಣೆ ತೆಗೆಯಂಗಿಲ್ಲ. ಅದ್ರಲ್ಲಿ ನಮ್ಮ ತಾತನ ಕಂಬಳಿ ಇದೆ. ಪೂಜೆ ದಿವ್ಸ ಅದನ್ನ ಹಾಸಿ ಅದ್ರ ಮೇಲೇ ದೇವರನ್ನ ಇಡೋದು. ವರ್ಷಕ್ಕೊಂದೇ ಸಲ ತೆಗೆಯೋದು. ಅದೂ ಮನೆ ಗಂಡಸರು ತಲೆಗೆ ನೀರು ಹಾಕ್ಕೊಂಡು, ಒದ್ದೆ ಪಂಚೇಲಿ. ನಿನ್ನಂಥೋನು ಅದ್ರ ಹತ್ರಾನೂ ಹೋಗಂಗಿಲ್ಲ."

"ವರ್ಷಕ್ಕೊಂದು ಸಲ ತೆಗೆಯೋ ಉಣ್ಣೆ. ಕತ್ತಲೆ ಕೋಣೆ. ಚಿಗಟಕ್ಕೆ ನೀವು ಕಲ್ಯಾಣ ಮಂಟಪಾನೇ ಕಟ್ಟಿಸಿ ಕೊಟ್ಟಿದ್ದೀರ."

"ಬಾಯಿ ಮುಚ್ಚು! ದೇವರ ಕಂಬಳೀಲಿ ಚಿಗಟ ಅಂತೀಯಾ? ಅದು ಇವ್ಳ ನಾಯಿಗಳದ್ದು."

ಜಗಳದಿಂದ ಬೀಗ ತೆರೆಯುವುದಿಲ್ಲವೆಂದು ಗೊತ್ತಾಯಿತು. ನನಗೆ ಜಗಳಕ್ಕಿಂತ ಚೆನ್ನಾಗಿ ಬರುವ ವಿದ್ಯೆ ಬೇರೆ ಇದೆ. ಅವರ ಪಂಚೆ ನೋಡಿದೆ. ಕಾಲ್ಬೆರಳವರೆಗೆ ಇಳಿಬಿಟ್ಟ, ಒಂದು ಕಲೆಯಿಲ್ಲದ ಬಿಳುಪು. ನನ್ನ ಕಾಲುಚೀಲ ಅದರ ಮುಂದೆ ಏನೂ ಅಲ್ಲ.

ದನಿ ಇಳಿಸಿದೆ. "ಹೋಗ್ಲಿ ಬಿಡಿ. ನಿಮ್ಮ ತಾತ ಭಾರಿ ಬೇಸಾಯಗಾರ್ರಂತೆ?"

ಅವರ ಮುಖ ಸ್ವಲ್ಪ ಸಡಿಲವಾಯಿತು. "ಅಂತೆ ಏನಯ್ಯಾ? ಈಗ ಮೇನ್ ರೋಡಲ್ಲಿ ಅಂಗಡಿ ಸಾಲಿದೆಯಲ್ಲ, ಅದೆಲ್ಲಾ ನಮ್ಮ ರಾಗಿ ಹೊಲ. ಈ ಮನೆ ನಿಂತಿರೋದೇ ನಮ್ಮ ಕಣದ ಮೇಲೆ."

"ಕಣದ ನೆಲ ಸಿಮೆಂಟಿನ ಹಾಗೆ ಗಟ್ಟಿ ಇರ್ತಿತ್ತಂತೆ. ನಾನು ನಂಬಲ್ಲಪ್ಪ. ಬರೀ ಮಣ್ಣು ಹೆಂಗೆ ಗಟ್ಟಿಯಾಗುತ್ತೆ?"

"ತುಳೀತಿದ್ರಯ್ಯಾ! ನೀರು ಚಿಮುಕಿಸಿ, ಸಾಲಾಗಿ ನಿಂತು ತುಳೀತಿದ್ರು. ನಮ್ಮ ತಾತ ಮುಂದೆ. ನಾನೂ ಚಿಕ್ಕೋನಿದ್ದಾಗ ತುಳ್ದಿದೀನಿ."

"ನೀವಾ? ಈ ಇಸ್ತ್ರಿ ಪಂಚೇಲಿ? ಹೋಗಿ ಯಜಮಾನ್ರೇ."

ಇಷ್ಟೇ ಬೇಕಾಗಿತ್ತು. ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು, ಹಿಮ್ಮಡಿ ಎತ್ತಿ, ಧಡ್ ಎಂದು ಇಟ್ಟರು. "ಹಿಂಗೆ! ಹಿಮ್ಮಡೀಲಿ! ಒಂದೇ ಜಾಗದಲ್ಲಿ! ಹಿಂಗೆ!" ಧಡ್, ಧಡ್, ಧಡ್. ಬಾಗಿಲು ಅದುರಿತು. ನಾನು ಚಪ್ಪಾಳೆ ತಟ್ಟಿ, "ಇನ್ನೂ ಜೋರು! ತಾತ ಇಷ್ಟೇನಾ ತುಳೀತಿದ್ದಿದ್ದು?" ಎಂದೆ. ಅವರಿಗೆ ಹುರುಪು ಹತ್ತಿತು. ಮೇಲಿನಿಂದ ಅಮ್ಮ ಬಗ್ಗಿ ನೋಡಿ, "ಏನೋ ಅದು ಮಗಾ, ಹುಚ್ಚು ಹಿಡೀತಾ?" ಎಂದು ಕೂಗಿದರು.

"ಪಂಚೆ ನೋಡ್ಕೊಳ್ಳಿ ಯಜಮಾನ್ರೇ" ಎಂದೆ.

ನೋಡಿಕೊಂಡರು. ಅಂಚಿನಿಂದ ಮೊಣಕಾಲಿನವರೆಗೆ ಕರಿ ಚುಕ್ಕೆ, ಒಂದೊಂದೂ ಹಾರುವ ಚುಕ್ಕೆ. ನಾಯಿಗಳು ಒಳಗಿದ್ದವು, ಬೆಕ್ಕುಗಳು ಹಿತ್ತಿಲಲ್ಲಿದ್ದವು, ಬಾಗಿಲ ಮುಂದೆ ಇದ್ದದ್ದು ಅವರೊಬ್ಬರೇ.

ಹಾರಿ ಕುಣಿದರು. ಈ ಸಲ ತಾತನ ನೆನಪಿಗಲ್ಲ. ಪಂಚೆ ಕೊಡವುತ್ತಾ ನನ್ನ ಕಡೆ ಬೆರಳು ತೋರಿಸಿದರು. "ಇದು ನಿಂದೇ ಕೆಲ್ಸ! ಡಬ್ಬೀಲಿ ಚಿಗಟ ತುಂಬ್ಕೊಂಡು ಬಂದು ನನ್ನ ಮೇಲೆ ಬಿಟ್ಟಿದೀಯ! ಹಲ್ಲಿ ಇಟ್ಟೋನಿಗೆ ಇದೇನು ದೊಡ್ಡದಾ?"

ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಬದುಕಿಡೀ ತಮಾಷೆ ಮಾಡಿದವನ ಸತ್ಯವೂ ತಮಾಷೆಯಾಗಿ ಕಾಣುತ್ತದೆ. ಹೊಲಿಗೆಯವಳೂ ಒಂದು ಕ್ಷಣ ನನ್ನನ್ನು ಅನುಮಾನದಿಂದ ನೋಡಿದಳು. ಅದು ಚಿಗಟಕ್ಕಿಂತ ಜೋರಾಗಿ ಕಚ್ಚಿತು. ಶರ್ಟ್ ಬಿಚ್ಚಿ ಅವರ ಕಾಲ ಬಳಿ ಎಸೆದು, ಬನಿಯನ್ನಿನಲ್ಲಿ ನಿಂತೆ.

"ಜೇಬು ನೋಡಿ! ಚೀಲ ನೋಡಿ! ಡಬ್ಬಿ ಸಿಕ್ಕಿದ್ರೆ ಈ ಮೀಸೆ ಇಲ್ಲೇ ಬೋಳಿಸ್ಕೊಳ್ತೀನಿ. ಆ ಕೋಣೇಲಿ ಚಿಗಟ ಇಲ್ದಿದ್ರೂ ಬೋಳಿಸ್ಕೊಳ್ತೀನಿ. ಆದ್ರೆ ಬೀಗ ತೆಗೆಯದೆ ವ್ಯಾನ್ ಬಂದ್ರೆ, ವ್ಯಾನಿನ ಮುಂದೆ ನಾನು ಮಲಗ್ತೀನಿ. ಮೊದ್ಲು ನನ್ನನ್ನ ತುಂಬ್ಕೊಂಡು ಹೋಗ್ಲಿ!"

ಅವರು ಬಾಯಿ ತೆರೆದರು. ಆದರೆ ದನಿ ಬಂದದ್ದು ಬಾಗಿಲ ಹಿಂದಿನಿಂದ. ಸಣ್ಣಗೆ, ಎಳೆಯದಾಗಿ, ಮಿಯಾಂವ್. ಹಿಂದೆಯೇ ಇನ್ನೊಂದು. ಅಷ್ಟು ತುಳಿತಕ್ಕೆ ಎದ್ದದ್ದು ಚಿಗಟ ಮಾತ್ರ ಅಲ್ಲ.

ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ದಡಬಡ ಇಳಿಯಿತು. ಸೆರಗಿನ ಗಂಟಿನಲ್ಲೇ ಬೀಗದ ಕೈ.

"ಅಯ್ಯೋ, ನಮ್ಮ ಕೆಂಚಿ! ಎಲ್ಲಿ ಮರಿ ಹಾಕ್ತೋ ಅಂತಿದ್ದೆ."

"ಯಾವ ಕೆಂಚಿಯಮ್ಮಾ?" ಯಜಮಾನರ ದನಿ ಅರ್ಧಕ್ಕಿಳಿದಿತ್ತು.

"ಬೆಕ್ಕು ಕಣೋ. ದಿನಾ ಅನ್ನ ಮೀನು ಹಾಕ್ತೀನಿ. ನೀನು ಬೈತೀಯ ಅಂತ ಹೇಳಿರ್ಲಿಲ್ಲ."

ಮೇಲಿನ ಮೆಟ್ಟಿಲಲ್ಲಿ ಮೀನಿನ ಮುಳ್ಳಿದ್ದ ಸ್ಟೀಲ್ ತಟ್ಟೆಯನ್ನು ನಾನು ಮೊದಲ ದಿನವೇ ನೋಡಿದ್ದೆ. ಕಾಗೆಗೆ ಇಟ್ಟದ್ದೆಂದುಕೊಂಡಿದ್ದೆ. ಈ ಸಂಗತಿಯನ್ನು ಅಲ್ಲಿ ಯಾರಿಗೂ ಹೇಳಲಿಲ್ಲ, ನೀವೂ ಹೇಳಬೇಡಿ.

"ಅಮ್ಮಾ, ಸ್ನಾನ ಮಾಡ್ದೆ ತೆಗಿಬಾರ್ದು..." ಎಂದು ಯಜಮಾನರು ಅಡ್ಡ ಬಂದರು.

"ಬೆಕ್ಕು ದಿನಾ ಅದ್ರ ಮೇಲೆ ಮಲಗ್ತಿದೆ. ಅದು ಸ್ನಾನ ಮಾಡ್ಕೊಂಡು ಬಂದಿತ್ತೇನೋ? ಸರಿ ಅತ್ಲಾಗೆ!"

ಬೀಗ ತೆರೆಯಿತು. ಮುರಿದ ಗವಾಕ್ಷಿಯಿಂದ ಬೆಳಕು ಬೀಳುತ್ತಿತ್ತು. ಅದೇ ಕೆಂಚಿಯ ದಾರಿ. ಮಡಿಸಿಟ್ಟ ಕರಿ ಕಂಬಳಿಯ ನಡುವೆ ಗುಳಿ ಮಾಡಿಕೊಂಡು, ಮರಿಗಳಿಗೆ ಹಾಲು ಕೊಡುತ್ತಾ, ನಮ್ಮೆಲ್ಲರನ್ನೂ ಬಾಡಿಗೆದಾರರ ಹಾಗೆ ನೋಡಿತು. ಅಮ್ಮನ ಕಾಲಿಗೆ ಚಿಗಟ ಹೊತ್ತು ತಂದವಳು ಆಕೆಯೇ.

ಮುಂದಿನದೆಲ್ಲ ನನ್ನ ರಾಜ್ಯಭಾರ. ಕೆಂಚಿಗೆ ಪಶುವೈದ್ಯರ ಹನಿ. ಕಣ್ಣು ಬಿಡುತ್ತಿರುವ ಮರಿಗಳಿಗೆ ಹನಿ ಹಾಕುವಂತಿಲ್ಲ, ಹೇನಿನ ಬಾಚಣಿಗೆಯಲ್ಲಿ ಬಾಚಿ ಸೋಪು ನೀರಿಗೆ ಅದ್ದಬೇಕು, ಬಾಚಣಿಗೆಯನ್ನು, ಮರಿಯನ್ನಲ್ಲ. ಆ ಕೆಲಸವನ್ನು ಅಮ್ಮ ಮೊಮ್ಮಕ್ಕಳ ತಲೆ ನೋಡುವ ಹಾಗೆ ಬಿಸಿಲಲ್ಲಿ ಕೂತು ಮಾಡಿದರು. ಕಂಬಳಿಯದ್ದು ಬೇರೆ ಸಮಸ್ಯೆ. ಉಣ್ಣೆಯನ್ನು ಕುದಿಸುವಂತಿಲ್ಲ, ದೇವರದ್ದಕ್ಕೆ ಔಷಧಿ ಹೊಡೆಯುವಂತಿಲ್ಲ, ನಾನು ಮುಟ್ಟುವಂತಿಲ್ಲ. ಹಾಗಾಗಿ ಯಜಮಾನರೇ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತಾ, ಕಂಬಳಿಯನ್ನು ಕರಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ತಾರಸಿಯ ಸುಡುಬಿಸಿಲಿಗೆ ಹೊತ್ತೊಯ್ದರು. ಹಲವು ದಿನ ಬೇಯಲು ಬಿಟ್ಟು, ಆಮೇಲೆ ಹಗ್ಗಕ್ಕೆ ಹಾಕಿ ಕೋಲಲ್ಲಿ ಬಡಿದರು. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಕೂತು, "ಆ ಮೂಲೆ ಬಿಟ್ಟೋಯ್ತು ಯಜಮಾನ್ರೇ!" ಎನ್ನುತ್ತಿದ್ದೆ.

ಖಾಲಿ ಕೋಣೆಗೆ ಔಷಧಿ ಹೊಡೆದೆ. ಗೂಡಿನೊಳಗೆ ಮಲಗಿರುವ ಚಿಗಟಗಳು ಬೇಗ ಎದ್ದು ಔಷಧಿ ಮುಟ್ಟಬೇಕಾದರೆ ನೆಲ ಅದುರಬೇಕಿತ್ತು.

"ದಿನಾ ಬೆಳಿಗ್ಗೆ ಈ ಬಾಗಿಲ ಮುಂದೆ ಕಣ ತುಳೀರಿ ಯಜಮಾನ್ರೇ. ಹಿಮ್ಮಡೀಲಿ."

ಅವರು ಹಲ್ಲು ಕಡಿಯುತ್ತಾ ದಿನವೂ ತುಳಿದರು. ಬೀದಿಯವರು ಗೇಟಿನ ಹೊರಗೆ ನಿಂತು ನೋಡಿದರು. ನೆಲ ಅದುರಿಸಬೇಕಿತ್ತು, ಅದು ನಿಜ. ಆದರೆ ಹೊಲಿಗೆ ಮಿಷನ್ನನ್ನು ಆ ಗೋಡೆಗೆ ಒತ್ತಿ ಇಟ್ಟಿದ್ದರೂ ಸಾಕಾಗುತ್ತಿತ್ತು. ಅವರೇ ತುಳಿಯಬೇಕೆಂದೇನೂ ಇರಲಿಲ್ಲ.

ವ್ಯಾನ್ ಬರಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಯಜಮಾನರು ಹೊಲಿಗೆಯವಳ ಬಾಗಿಲಿಗೆ ಬಂದು, ಮುಖ ಬೇರೆ ಕಡೆ ಮಾಡಿ, "ನಿನ್ನ ಪ್ರಾಣಿಗಳು ಇರ್ಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮಾತ್ರ ನಾಳೆ ಈ ಗೇಟೊಳಗೆ ಕಾಲಿಟ್ರೆ ನೋಡು" ಎಂದರು.

ಆ ಮಾತು ಕೇಳಿದ ಮೇಲೂ ಮನೆಯಲ್ಲಿ ಕೂರುವವನು ನಾನಲ್ಲ. ಪೂಜೆಯ ದಿನ ಹೊಸ ಶರ್ಟು, ಬಗಲಿಗೆ ರಸೆಲ್ ಮಾರ್ಕೆಟ್ಟಿನ ಸೇವಂತಿಗೆ ಹಾರ, ಪಂಚೆಯನ್ನು ಮಡಚಿ ಮೇಲಕ್ಕೆ ಕಟ್ಟಿ ಮೊಣಕಾಲಿನವರೆಗೆ ಬಿಳಿ ಕಾಲುಚೀಲ. ನೆಂಟರ ನಡುವೆ ನಿಧಾನವಾಗಿ ಮೆಟ್ಟಿಲು ಹತ್ತಿದೆ. ಹಾಸಿದ ಕರಿ ಕಂಬಳಿಯ ಮೇಲೆ ದೇವರು ಕೂತಿದ್ದ. ಪಕ್ಕದಲ್ಲಿ ಯಜಮಾನರು, ಒದ್ದೆ ಪಂಚೆಯಲ್ಲಿ.

"ಆ ಕಾಲುಚೀಲ ತೆಗಿಯಯ್ಯಾ, ಮಾನ ಹೋಗ್ತಿದೆ" ಎಂದು ಹಲ್ಲು ಬಿಗಿದು ಪಿಸುಗುಟ್ಟಿದರು.

"ಒಂದು ಸುತ್ತು ಮುಗ್ಸಿ ತೆಗೀತೀನಿ" ಎಂದು ಕಂಬಳಿಯ ಸುತ್ತ ಪ್ರದಕ್ಷಿಣೆ ಬಂದೆ. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕಾಲಿನ ಮೇಲಿತ್ತು. ಬಿಳುಪು ಬಿಳುಪಾಗಿಯೇ ಉಳಿಯಿತು. ಯಾರೂ ನೋಡುತ್ತಿಲ್ಲವೆಂದುಕೊಂಡು ಅವರು ತಮ್ಮ ಪಂಚೆಯ ಅಂಚನ್ನೂ ಎತ್ತಿ ನೋಡಿಕೊಂಡರು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಊಟದ ಎಲೆಯನ್ನು ನಾನು ಕೆಳಗೆ ತರಿಸಿಕೊಂಡೆ. ಹೊಲಿಗೆಯವಳ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಒಬ್ಬಟ್ಟು ಮುರಿದೆ. ಮುದುಕ ಗೋಡೆ ಸವರಿಕೊಂಡು, ಯಾವ ಮೂಲೆಗೂ ಹಾಯದೆ, ನೇರವಾಗಿ ಬಂದು ನನ್ನ ಬಿಳಿ ಕಾಲುಚೀಲದ ಮೇಲೆ ಗದ್ದ ಊರಿ ಮಲಗಿದ. ಒಬ್ಬಟ್ಟು ಮುಗಿಯುವವರೆಗೂ ಏಳಲಿಲ್ಲ. ಎದ್ದಾಗ ಕಾಲುಚೀಲದ ಮೇಲೆ ಅವನ ಜೊಲ್ಲು ಬಿಟ್ಟು ಬೇರೇನೂ ಇರಲಿಲ್ಲ.